ಕಿವಿಯ ಖರ್ಚು

ಎಣ್ಣೆ ಪ್ಯಾಕೆಟ್ಟನ್ನು ಬುಟ್ಟಿಗೆ ಹಾಕಿದವನು ಮತ್ತೆ ಹೊರತೆಗೆದು, ಕನ್ನಡಕವನ್ನು ಹಣೆಗೇರಿಸಿ, ಮೂಲೆಯಲ್ಲಿದ್ದ ಸಣ್ಣ ಅಕ್ಷರಗಳನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ. ಬೆಲೆ ಹೋದ ತಿಂಗಳಿನದೇ ಇತ್ತು. ಒಳಗಿನ ಎಣ್ಣೆ ಮಾತ್ರ ಕಡಿಮೆಯಾಗಿತ್ತು. ಸೋಪಿನದೂ ಅದೇ ಕಥೆ. ಮೊದಲು ಇಟ್ಟಿಗೆಯ ಹಾಗಿದ್ದ ಸೋಪಿಗೆ ಈಗ ಎರಡೂ ಬದಿಯಲ್ಲಿ ಸೊಂಟ ಬಂದಿತ್ತು. ಹೊದಿಕೆಯ ಮೇಲೆ 'ಹಿಡಿಯಲು ಇನ್ನಷ್ಟು ಸುಲಭ' ಎಂದು ಅಚ್ಚು ಹಾಕಿದ್ದರು.

"ಏನ್ ಲಿಫ್ಟಣ್ಣ, ಪರೀಕ್ಷೆಗೆ ಓದ್ಕೋತಿದ್ದೀರಾ?" ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಂಗಡಿಯವನು ಕೂಗಿದ.

"ಪಾಸಾಗೋ ಲಕ್ಷಣ ಕಾಣ್ತಿಲ್ಲ ಸ್ವಾಮಿ" ಎಂದು ಇವನು ಪ್ಯಾಕೆಟ್ಟನ್ನು ಬುಟ್ಟಿಗೆ ಹಾಕಿದ.

ಊರಿನ ದೊಡ್ಡ ಕಚೇರಿ ಕಟ್ಟಡದಲ್ಲಿ ಲಿಫ್ಟಿನ ಮೂಲೆಯ ಸ್ಟೂಲಿನ ಮೇಲೆ ಕೂತು, ಗುಂಡಿ ಒತ್ತುತ್ತಲೇ ಸರ್ವಿಸ್ ಮುಗಿಸಿದವನು ಅವನು. ನಿವೃತ್ತನಾದ ಮೇಲೂ ಬೀದಿಯವರ ಬಾಯಲ್ಲಿ ಲಿಫ್ಟಣ್ಣನೇ ಆಗಿ ಉಳಿದ. "ಎಲ್ಲರನ್ನೂ ಮೇಲಕ್ಕೆ ಹತ್ತಿಸಿದೆ, ನಾನು ಮಾತ್ರ ನೆಲಮಹಡೀಲೇ ಇಳ್ಕೊಂಡೆ" ಎಂದು ಮೊದಮೊದಲು ತಾನೇ ಹೇಳಿ ನಗುತ್ತಿದ್ದ. ಈಚೆಗೆ ಹೇಳುವುದನ್ನು ಬಿಟ್ಟಿದ್ದ.

ಪಿಂಚಣಿ ಬಂದ ಮರುದಿನ ಗಂಡಹೆಂಡಿರಿಬ್ಬರೂ ಒಟ್ಟಿಗೆ ಪೇಟೆಗೆ ಬರುವುದು ರೂಢಿ. ಮೊದಲು ಅಕ್ಕಿ ಬೇಳೆ, ಆಮೇಲೆ ಮಾತ್ರೆ, ಉಳಿದರೆ ಉಳಿದದ್ದು. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎನ್ನುವುದು ಹೆಂಡತಿಯ ಬೆರಳ ತುದಿಯಲ್ಲಿತ್ತು. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಬದುಕಿದವಳು. ಒಂದು ಗೇಣು ಬಟ್ಟೆಯಲ್ಲೂ ಜೇಬು ತೆಗೆಯಬಲ್ಲವಳು. ಈ ಸಲ ಅವಳ ಮಂಡಿ ಊದಿಕೊಂಡು ಮೆಟ್ಟಿಲಿಳಿಯಲು ಆಗಿರಲಿಲ್ಲ. "ಮರೀಬೇಡಿ, ನನ್ನ ಕಿವಿಗೆ ಬ್ಯಾಟರಿ. ಇರೋದು ಇದೊಂದೇ, ಇದೂ ಇವತ್ತೋ ನಾಳೆಯೋ ಅಂತಿದೆ" ಎಂದು ಬಾಗಿಲವರೆಗೂ ಗೋಡೆ ಹಿಡಿದುಕೊಂಡು ಬಂದು ಹೇಳಿದ್ದಳು.

ಔಷಧಿ ಅಂಗಡಿಯಾಕೆಯನ್ನು ಬೀದಿಯವರೆಲ್ಲ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಅವಳು ಡಾಕ್ಟರಲ್ಲ, ಆದರೆ ಫೀಸು ತೆಗೆದುಕೊಳ್ಳದೆ ಬೈಯುತ್ತಿದ್ದಳು. ಬಿ.ಪಿ. ಮಾತ್ರೆ ಕಟ್ಟಿಕೊಟ್ಟು, ಬ್ಯಾಟರಿಯ ಕಾರ್ಡನ್ನು ಗಾಜಿನ ಮೇಲಿಟ್ಟಳು. ಕಡಲೆಕಾಳಿನಷ್ಟು ಪುಟ್ಟ ಬ್ಯಾಟರಿಗಳು ಹೂವಿನ ಎಸಳುಗಳ ಹಾಗೆ ಸುತ್ತ ಕೂತಿದ್ದವು. ಬೆಲೆ ಹೇಳಿದಳು.

"ಅಷ್ಟಾ?"

"ಹೊರಗಿಂದ ಬರೋದು ಲಿಫ್ಟಣ್ಣ. ನಾನೇನು ಹೆತ್ತು ಕೊಡೋಕಾಗತ್ತಾ?"

"ಬೇರೆ ಕಂಪನೀದು?"

"ಕಡಿಮೇದೇ ಕೊಟ್ಟಿರೋದು."

ಅವನು ಕಾರ್ಡನ್ನು ಕೈಯಲ್ಲಿ ತಿರುಗಿಸಿದ. ಕರೆಂಟ್ ಬಿಲ್ಲು ಇನ್ನೂ ಕಟ್ಟಿರಲಿಲ್ಲ. ಕಾರ್ಡನ್ನು ಗಾಜಿನ ಮೇಲೆ ಮೆಲ್ಲಗಿಟ್ಟು, "ಆಮೇಲೆ ಬರ್ತೀನಿ" ಎಂದ. ಆಗ ಅವನಿಗೆ ಏನೂ ಅನ್ನಿಸಲಿಲ್ಲ. ಎರಡು ಚೀಲಗಳ ಭಾರ ಎರಡೂ ಕೈಗೆ ಸಮನಾಗಿದೆಯೇ ಎಂದು ನೋಡಿಕೊಂಡು ಮನೆ ಕಡೆ ನಡೆದ.

ಚೀಲ ಬರಿದು ಮಾಡುತ್ತ ಹೆಂಡತಿ ತಲೆಯೆತ್ತಿ ನೋಡಿದಳು.

"ಸ್ಟಾಕ್ ಬಂದಿಲ್ವಂತೆ" ಎಂದ. ಅವಳ ಕಿವಿಯ ಯಂತ್ರ ಅಷ್ಟರಲ್ಲೇ ಕೊನೆಯುಸಿರೆಳೆದಿತ್ತೋ ಏನೋ, "ಆಂ?" ಎಂದಳು. "ಸ್ಟಾಕಿಲ್ಲ!" ಎಂದು ಕೂಗಿ ಅವನು ಬರಿಗೈ ಆಡಿಸಿ ತೋರಿಸಿದ.

"ಇಲ್ದಿದ್ರೆ ಇಲ್ಲ ಬಿಡಿ" ಎಂದು ಯಂತ್ರವನ್ನು ಕಿವಿಯಿಂದ ತೆಗೆದು, ಸೆರಗಿನ ಅಂಚಿನಿಂದ ಒರೆಸಿ, ಅದರ ಡಬ್ಬಿಯಲ್ಲಿ ಮಲಗಿಸಿದಳು.

ಆಮೇಲಿನ ದಿನಗಳು ಸಲೀಸಾಗಿ ಹೋದವು. ಮೊದಲು ಅವನು ಗಟ್ಟಿಯಾಗಿ ಹೇಳಿ ನೋಡಿದ. ಆಮೇಲೆ ಲೋಟ ಎತ್ತಿ ತೋರಿಸಿದರೆ ಚಹಾ, ಹೊಟ್ಟೆ ಮುಟ್ಟಿಕೊಂಡರೆ ಊಟ ಎಂದಾಯಿತು. ಅದೂ ಆಮೇಲೆ ಬೇಕಾಗಲಿಲ್ಲ. ಹೊತ್ತಿಗೆ ಸರಿಯಾಗಿ ಚಹಾ ಬರುತ್ತಿತ್ತು, ಹೊತ್ತಿಗೆ ಸರಿಯಾಗಿ ತಟ್ಟೆ. ಇದು ಅವನಿಗೆ ಹೊಸದೇನಲ್ಲ. ಲಿಫ್ಟಿನೊಳಗೆ ಬಂದವರೂ ಹಾಗೇ, ಬಾಗಿಲ ಮೇಲೆ ಬದಲಾಗುವ ಅಂಕಿಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಉಸಿರು ತಾಗುವಷ್ಟು ಹತ್ತಿರ ನಿಂತೂ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಈಗ ಮನೆಯೂ ಹಾಗೇ ಆಗಿತ್ತು. ಅದು ಕಷ್ಟ ಎಂದು ಅವನಿಗೆ ತೋರಲಿಲ್ಲ. ಸುಖ ಎಂದೂ ತೋರಲಿಲ್ಲ.

ಒಂದು ಮಧ್ಯಾಹ್ನ ಮಗಳ ಫೋನು ಬಂತು. ಅವಳು ಬೇರೆ ಊರಿನಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕ್ಯಾಷಿಯರ್. ಕಿವಿಯ ಯಂತ್ರವನ್ನು ಕಂತಿನ ಮೇಲೆ ಕೊಡಿಸಿದವಳೂ ಅವಳೇ.

"ಅಪ್ಪಾ, ಅಮ್ಮ ಎದುರಿಗಿದ್ದಾಳಾ?"

"ಅಡುಗೆಮನೇಲಿದ್ದಾಳೆ. ಯಾಕೆ?"

"ಅವಳಿಗೆ ಫೋನಲ್ಲಿ ಸರಿಯಾಗಿ ಕೇಳಿಸಲ್ಲ. ನೀವೇ ನಿಧಾನವಾಗಿ ಹೇಳಿ. ಗಾಬರಿ ಬೀಳಿಸ್ಬೇಡಿ. ನನ್ನ ಎದೇಲಿ ಗಂಟು ಇತ್ತು ಅಪ್ಪಾ. ಸೂಜಿ ಹಾಕಿ ಟೆಸ್ಟ್ ಮಾಡಿದ್ರು. ಒಳ್ಳೇದಲ್ವಂತೆ. ಮುಂದಿನ ಮಂಗಳವಾರ ಆಪರೇಷನ್."

ಅವನು "ಹೂಂ" ಎಂದ.

"ಬೇಗ ಸಿಕ್ಕಿದೆ, ಹೆದರ್ಬೇಡಿ ಅಂದಿದ್ದಾರೆ ಡಾಕ್ಟ್ರು. ಇವರು ರಜ ಹಾಕ್ತಾರೆ. ಆದ್ರೂ... ಅಮ್ಮ ಒಂದ್ ವಾರ ಬಂದಿದ್ರೆ ಅಂತ. ಅಪ್ಪಾ, ಕೇಳಿಸ್ತಿದ್ಯಾ?"

"ಹೂಂ ಮಗಾ. ಹೇಳ್ತೀನಿ."

ಫೋನು ಕೆಳಗಿಟ್ಟಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಯಾರ್ರೀ?"

"ಮಗಳು!"

"ಏನಂತೆ?"

ಅವನು ಬಾಯಿ ತೆರೆದ. ಅವರಿದ್ದ ವಠಾರದಲ್ಲಿ ಒಂದು ಮನೆಯಲ್ಲಿ ಸೀನಿದರೆ ಇನ್ನೊಂದು ಮನೆಯಲ್ಲಿ ಚಿರಾಯು ಎನ್ನುತ್ತಿದ್ದರು. ಗೋಡೆಗಳಿಗೆ ಕಿವಿ ಇತ್ತು, ಹೆಂಡತಿಗೆ ಇರಲಿಲ್ಲ. ಮಗಳ ಎದೆಯ ಗಂಟನ್ನು ಹೇಗೆ ಕೂಗಿ ಹೇಳುವುದು?

"ಚೆನ್ನಾಗಿದ್ದಾಳಂತೆ!" ಎಂದು ಕೂಗಿದ.

"ಮಗಳು ಚೆನ್ನಾಗಿದ್ದಾಳಂತಾ ಅಜ್ಜಾ?" ಗೋಡೆಯಾಚೆಯಿಂದ ಪಕ್ಕದ ಮನೆಯ ಹೆಂಗಸಿನ ದನಿ ಬಂತು. "ಇರ್ಲಿ, ಒಳ್ಳೇದಾಯ್ತು."

ಹೆಂಡತಿ ತಲೆಯಾಡಿಸಿ ಒಳಗೆ ಹೋದಳು.

ಸಂಜೆ ಕ್ಯಾಲೆಂಡರಿನ ಹಾಳೆಯೊಂದರ ಹಿಂದೆ ಬರೆದು ತೋರಿಸೋಣ ಎಂದುಕೊಂಡ. 'ಮಗಳಿಗೆ' ಎಂದು ಬರೆದ. ಮುಂದಿನ ಪದ ಬರೆಯುವ ಮೊದಲು, ಅವಳು ಕನ್ನಡಕ ಹುಡುಕಿ ತಂದು, ಒಂದೊಂದೇ ಅಕ್ಷರ ಕೂಡಿಸಿ, ತುಟಿ ಆಡಿಸುತ್ತ ಓದುವುದು ಕಣ್ಣ ಮುಂದೆ ಬಂತು. ಅಷ್ಟು ಹೊತ್ತು ಎದುರಿಗೆ ನಿಂತಿರುವುದು ತನ್ನಿಂದಾಗದು ಎನ್ನಿಸಿತು. ಹಾಳೆಯನ್ನು ಮಡಿಸಿ ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟ. ಮರುದಿನವೂ ಹೇಳಲಾಗಲಿಲ್ಲ. ಅದರ ಮರುದಿನ ಬೆಳಿಗ್ಗೆ, ಹಾಲಿನವನಿಗೆ ಕೊಡಬೇಕೆಂದು ತೆಗೆದಿಟ್ಟಿದ್ದ ನೋಟುಗಳನ್ನು ಜೇಬಿಗೆ ಹಾಕಿಕೊಂಡು ಔಷಧಿ ಅಂಗಡಿಗೆ ಹೋದ.

"ಆ ಬ್ಯಾಟರಿ ಕೊಡಿ" ಎಂದ.

ಡಾಕ್ಟ್ರಮ್ಮ ಅವನ ಮುಖ ನೋಡಿದಳು. "ಮತ್ತೆ ಯಾಕೆ? ನಿಮ್ಮ ಮನೆಯವರು ಹೋದ ವಾರಾನೇ ಬಂದು ತಗೊಂಡು ಹೋದ್ರಲ್ಲ!"

"ಯಾರು, ಇವಳಾ?"

"ಮತ್ತಿನ್ಯಾರು? ಕುಂಟ್ಕೊಂಡೇ ಬಂದಿದ್ರು. ಮಂಡಿಗೆ ಹಚ್ಚೋ ಮುಲಾಮು ಕಟ್ಟಿದ್ದೆ, ಅದು ಬೇಡ, ಅದರ ಬದಲು ಬ್ಯಾಟರಿ ಕೊಡು ಅಂದ್ರು. ಸ್ಟಾಕ್ ಬಂತೇನಮ್ಮಾ ಅಂತ ಬೇರೆ ಕೇಳಿದ್ರು. ಸ್ಟಾಕ್ ಇಲ್ಲದೇ ಇದ್ದದ್ದು ಯಾವತ್ತು ಅಂದೆ ನಾನು." ಡಾಕ್ಟ್ರಮ್ಮ ಏನೋ ಹೊಳೆದವಳಂತೆ ನಿಲ್ಲಿಸಿ, ಗಾಜಿನ ಮೇಲಿದ್ದ ಧೂಳನ್ನು ಕೈಯಿಂದ ಸವರಿದಳು. "ಅವರೇನೂ ಹೇಳ್ಲಿಲ್ಲ. ತಗೊಂಡು ಹೋದ್ರು, ಅಷ್ಟೇ."

ಅವನು ನೋಟುಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡು ಬೀದಿಗಿಳಿದ. ಬ್ರೆಡ್ಡಿನ ಅಂಗಡಿಯ ಮುಂದೆ ನಿನ್ನೆಯ ಬ್ರೆಡ್ಡನ್ನು ಅರ್ಧ ಬೆಲೆಗೆ ಬೇರೆ ಬುಟ್ಟಿಯಲ್ಲಿಟ್ಟಿದ್ದರು. ದಿನಾ ಅಲ್ಲಿ ನಿಂತು ನೋಡುವವನು ಇಂದು ದಾಟಿಹೋದ. ಎದುರಿಗೆ ಬಂದ ಯಾರೋ "ಏನ್ ಲಿಫ್ಟಣ್ಣ" ಎಂದರು. ಅವನು ಕೈ ಎತ್ತಿದ. ವಠಾರದ ಮೆಟ್ಟಿಲ ಬಳಿ ಬಂದಾಗ, ಅಲ್ಲಿವರೆಗೆ ಹೇಗೆ ನಡೆದು ಬಂದೆ ಎನ್ನುವುದು ನೆನಪಿರಲಿಲ್ಲ.

ಹೆಂಡತಿ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಸಿಪ್ಪೆ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ಇಳಿಯುತ್ತಿತ್ತು. ಅವನು ಹೊಸಿಲಲ್ಲಿ ನಿಂತು, ಸಹಜ ದನಿಯಲ್ಲಿ, "ನಾನು ಬಂದೆ" ಎಂದ.

ಅವಳು ತಿರುಗಲಿಲ್ಲ.

"ಕೇಳಿಸ್ತೇನೇ?" ಎಂದ. ಚಾಕು ಅದೇ ಗತಿಯಲ್ಲಿ ಆಡುತ್ತಿತ್ತು. ಅವನು ಹೋಗಿ ಅವಳ ಭುಜ ಮುಟ್ಟಿದ. ಅವಳು ತಿರುಗಿದಾಗ ತನ್ನ ಕಿವಿಯನ್ನು ತೋರಿಸಿ, ಬೆರಳುಗಳಿಂದ ಕಾಳಿನಷ್ಟು ಅಳತೆ ಮಾಡಿ ಹಿಡಿದ.

ಹೆಂಡತಿ ಅವನನ್ನೇ ನೋಡಿದಳು. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಚಹಾಪುಡಿಯ ಡಬ್ಬಿಯ ಹಿಂದಿನಿಂದ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು ಎಸಳು ಖಾಲಿಯಿತ್ತು.

"ಡಾಕ್ಟ್ರಮ್ಮ ಹೇಳಿದ್ಲಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. "ಎರಡು ದಿನ ಹಾಕ್ಕೊಂಡಿದ್ದೆ ಕಣ್ರೀ. ಬೆಳಗ್ಗೆ ಎದ್ದಾಗಿಂದ ಮಲಗೋವರೆಗೂ. ನಲ್ಲಿ ತೊಟ್ಟಿಕ್ಕೋದು ಕೇಳಿಸ್ತು. ಪಕ್ಕದ ಮನೆ ಟೀವಿ ಕೇಳಿಸ್ತು. ನಿಮ್ಮ ಚಪ್ಪಲಿ ಸದ್ದೂ ಕೇಳಿಸ್ತು. ನೀವು ಒಂದು ಮಾತೂ ಆಡ್ಲಿಲ್ಲ. ಕಿವೀಲಿ ಅದಿದೆ ಅನ್ನೋದೂ ನಿಮಗೆ ಕಾಣ್ಲಿಲ್ಲ. ಸುಮ್ನೆ ಯಾಕೆ ದಂಡ ಅಂತ ತೆಗೆದಿಟ್ಟೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುತ್ತಿದ್ದ ದೀಪವನ್ನು ಆರಿಸಿ ಬಂದೆ ಎಂದು ಹೇಳುವಂತಿತ್ತು. ಅವನು ಗೋಡೆ ಬದಿಯ ಸ್ಟೂಲಿನ ಮೇಲೆ ಕೂತ. ಯಂತ್ರದ ಡಬ್ಬಿಯನ್ನು ಎತ್ತಿ ಅವಳ ಮುಂದೆ ಹಿಡಿದ. ಹಿಡಿದೇ ಇದ್ದ.

"ಈಗ್ಯಾಕೆ?" ಎಂದಳು. ಅವನು ಡಬ್ಬಿಯನ್ನು ಇನ್ನಷ್ಟು ಮುಂದೆ ಚಾಚಿದ. ಅವನ ಮುಖದಲ್ಲಿ ಏನು ಕಂಡಳೋ, ತೆಗೆದುಕೊಂಡಳು. ಒಳಗಿದ್ದ ಬ್ಯಾಟರಿ ಹಾಕಿ ನೋಡಿದರೆ ಸತ್ತಿತ್ತು. "ನೋಡಿ, ತೆಗೆದಿಟ್ರೂ ಖರ್ಚಾಗತ್ತೆ ಇದು" ಎಂದು, ಕಾರ್ಡಿನಿಂದ ಹೊಸದನ್ನು ಬಿಡಿಸಿ, ಉಗುರಿನಿಂದ ಅದರ ಮೇಲಿನ ಚೀಟಿ ಕಿತ್ತಳು. "ಸ್ವಲ್ಪ ಹೊತ್ತು ಗಾಳಿ ಕುಡೀಬೇಕು. ಆಮೇಲೆ ಹಾಕ್ಬೇಕು."

ಬ್ಯಾಟರಿ ಮೇಜಿನ ಮೇಲೆ ಗಾಳಿ ಕುಡಿಯಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಆಮೇಲೆ ಅವಳು ಅದನ್ನು ಯಂತ್ರದೊಳಗೆ ಸೇರಿಸಿ ಕಿವಿಗೆ ಹಾಕಿಕೊಂಡಳು. ಅದು ಸಣ್ಣಗೆ ಸಿಳ್ಳೆ ಹಾಕಿ ಸುಮ್ಮನಾಯಿತು.

"ಮಗಳು—" ಅವನು ಅಭ್ಯಾಸಬಲದಿಂದ ಕೂಗಿದ.

ಅವಳು ಬೆಚ್ಚಿ ಕೈ ಅಡ್ಡ ಹಿಡಿದಳು. "ಮೆಲ್ಲಗೆ. ಕೇಳಿಸ್ತಿದೆ."

ಮೆಲ್ಲಗೆ ಮಾತಾಡಲು ಅವನಿಗೆ ದನಿ ಹುಡುಕಬೇಕಾಯಿತು. ಮೇಜಿನತ್ತ ಬಗ್ಗಿ ಹೇಳಿದ. ಗಂಟು ಎಂದ, ಟೆಸ್ಟು ಎಂದ, ಮಂಗಳವಾರ ಎಂದ. ಬೇಗ ಸಿಕ್ಕಿದೆಯಂತೆ ಎಂದು ಎರಡು ಸಲ ಹೇಳಿದ. ಹೆಂಡತಿ ಅವನ ತುಟಿಗಳನ್ನು ನೋಡುತ್ತಿದ್ದಳು, ಈಗ ಅದರ ಅಗತ್ಯ ಇರದಿದ್ದರೂ.

"ಯಾವತ್ತು ಫೋನ್ ಮಾಡಿದ್ಲು?"

"ಮೊನ್ನೆ."

"ಮೊನ್ನೆ ಚೆನ್ನಾಗಿದ್ದಾಳೆ ಅಂದ್ರಿ."

"ಕೂಗಿ ಹೇಳೋ ಮಾತೇನೇ ಅದು?"

ಅವಳು ಎದ್ದು ಅರ್ಧ ಸಿಪ್ಪೆ ತೆಗೆದಿದ್ದ ಆಲೂಗಡ್ಡೆಯನ್ನು ಕೈಗೆತ್ತಿಕೊಂಡಳು. ಅದು ಆಗಲೇ ಕಪ್ಪಾಗತೊಡಗಿತ್ತು. ಅದನ್ನು ನೀರಿನ ಪಾತ್ರೆಗೆ ಹಾಕಿ, ಕೈಯನ್ನು ನೀರಿನಲ್ಲೇ ಬಿಟ್ಟು ನಿಂತಳು.

"ಬಾ ಅಂದ್ಲಾ?"

"ಒಂದ್ ವಾರ ಬಂದಿದ್ರೆ ಅಂದ್ಲು."

"ಸೋಮವಾರವೇ ಹೊರಡ್ತೀನಿ ಹಾಗಾದ್ರೆ."

"ಮಂಡಿ?"

"ಬಸ್ಸಲ್ಲಿ ಕೂತ್ಕೊಂಡೇ ಹೋಗೋದಲ್ವಾ?" ಅವಳು ನೀರಿನಿಂದ ಕೈ ತೆಗೆದಳು. "ಹಾಲು ಅರ್ಧ ಮಾಡಿ ಅಂತ ಹಾಲಿನವನಿಗೆ ಹೇಳ್ತೀನಿ. ನಿಮ್ಮೊಬ್ಬರಿಗೆ ಎಷ್ಟು ಬೇಕು? ಅಕ್ಕಿ ಇದೆ. ಮೊಟ್ಟೆ ಬೇಯಿಸ್ಕೊಳ್ಳೋಕೆ ಬರತ್ತೆ ನಿಮಗೆ."

"ಬರತ್ತೆ."

"ಇದನ್ನ ತಗೊಂಡು ಹೋಗ್ತೀನಿ" ಎಂದು ಕಾರ್ಡನ್ನು ಮುಟ್ಟಿದಳು. "ಅಲ್ಲಿ ಡಾಕ್ಟ್ರು ಏನ್ ಹೇಳ್ತಾರೋ ಕೇಳ್ಬೇಕಲ್ಲ."

"ತಗೊಂಡು ಹೋಗು."

ಇನ್ನೇನೋ ಹೇಳಬೇಕಿತ್ತು. ಅದೇನೆಂದು ಅವನಿಗೆ ತಿಳಿಯಲಿಲ್ಲ. ಅವಳು ಎದುರಿನ ಸ್ಟೂಲು ಎಳೆದುಕೊಂಡು, ಮಂಡಿಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಕೂತಳು.

ಮೇಲಿನ ಮನೆಯಲ್ಲಿ ಯಾರೋ ಒಂದು ಕುರ್ಚಿಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಎಳೆದರು. ಆ ಸದ್ದಿಗೆ ಇಬ್ಬರೂ ಒಟ್ಟಿಗೆ ತಲೆಯೆತ್ತಿ ನೋಡಿದರು.