ಹೊಸಕೆರೆಗೆ ಬಾರದ ಮಣ್ಣು

ಹೊಸಕೆರೆ ಕಟ್ಟಿ ಮುನ್ನೂರು ವರ್ಷವಾಗಿತ್ತು. ಆದರೂ ಅಜ್ಜಂಪುರದ ಆಸುಪಾಸಿನಲ್ಲಿ ಅದಕ್ಕೆ ಹೊಸಕೆರೆ ಎಂದೇ ಹೆಸರು. ಆ ಊರಿನವರು ಒಮ್ಮೆ ಇಟ್ಟ ಹೆಸರನ್ನಾಗಲಿ, ಒಮ್ಮೆ ಹಿಡಿದ ಅಭಿಪ್ರಾಯವನ್ನಾಗಲಿ ಸುಲಭಕ್ಕೆ ಬಿಡುವವರಲ್ಲ. ಲಕ್ಕಣ್ಣ ಆ ಕೆರೆಯ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾವ ಗದ್ದೆಗೆ ಯಾವ ದಿನ ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ, ಅಜ್ಜನೂ ಅದನ್ನೇ ಮಾಡಿದ್ದ. ನೀರು ಸರಿಯಾಗಿ ಬಂದರೆ ಅದು ದೇವರ ದಯೆ, ಬರದಿದ್ದರೆ ನೀರುಗಂಟಿಯ ತಪ್ಪು ಎಂಬುದು ಆ ಮನೆತನಕ್ಕೆ ಬಳುವಳಿಯಾಗಿ ಬಂದ ಮಾತು.

ಐವತ್ತೇಳನೆಯ ಇಸವಿಯಲ್ಲಿ ಕೆರೆಯ ಮೇಲಿನ ಇಳಿಜಾರಿನಲ್ಲಿ ರಸ್ತೆ ಕೆಲಸ ಶುರುವಾಯಿತು. ರೈಲು ಸ್ಟೇಷನ್ನಿನಿಂದ ಊರಿಗೆ ನೇರ ದಾರಿ ಎಂದು ಎಲ್ಲರಿಗೂ ಸಂತೋಷ. ನೆಲ ಅಗೆದು, ಆ ಮಣ್ಣನ್ನೇ ಹೊತ್ತು ಹಾಕಿ ರಸ್ತೆ ಎತ್ತರಿಸಿದರು. ಮುಂಗಾರು ಬಂತು, ಹಾಕಿದ ಮಣ್ಣು ಹೋಯಿತು. ಎಲ್ಲಿಗೆ ಎಂದು ಹುಡುಕಬೇಕಾಗಿರಲಿಲ್ಲ. ಕೆರೆಯ ನೀರು ಕೆಂಪಾಗಿ, ತೂಬಿನ ಬಾಯಿಗೆ ಕೆಸರು ಕಟ್ಟಿಕೊಂಡು, ಲಕ್ಕಣ್ಣ ಹಾರೆ ಹಿಡಿದು ಮೂರು ದಿನ ನೀರಿನಲ್ಲಿ ಮುಳುಗಿ ಮುಳುಗಿ ಎದ್ದ. ಬಾಯಿ ಒಂದು ಗೇಣು ಬಿಟ್ಟಿತು, ಅಷ್ಟೆ. ಕೆಳಗಿನ ಗದ್ದೆಗಳು ಒಣಗಿದವು. ಊರಿನವರು ರಸ್ತೆಯನ್ನು ಬೈಯಲಿಲ್ಲ, ರಸ್ತೆಗೆ ಕಿವಿ ಇಲ್ಲ. ಊರಗೌಡ ತೀರ್ಥಪ್ಪ ಲಕ್ಕಣ್ಣನನ್ನು ಕರೆಸಿ, "ಇನ್ನೊಂದ್ಸಲ ಹಿಂಗಾದ್ರೆ ಬ್ಯಾರೆ ನೀರುಗಂಟಿ ನೋಡ್ಕೊಂತೀವಿ ಕಣಪ್ಪಾ" ಎಂದು ನಗುನಗುತ್ತಲೇ ಹೇಳಿದರು.

ಮರುವರ್ಷ ರಸ್ತೆಯ ಎರಡನೆಯ ಭಾಗ ಶುರುವಾಯಿತು. ಅದು ಕೆರೆಗೆ ಇನ್ನೂ ಹತ್ತಿರ. ಲಕ್ಕಣ್ಣನ ನಿದ್ದೆ ಹಾರಿಹೋಯಿತು. ಕೆಲಸ ನೋಡಿಕೊಳ್ಳುತ್ತಿದ್ದ ಓವರ್‌ಸಿಯರ್ ಷಡಕ್ಷರಿಯ ಮುಂದೆ ಹೋಗಿ ಕೈ ಮುಗಿದು ನಿಂತ. ಷಡಕ್ಷರಿ ಇನ್ನೂ ಮೂವತ್ತು ತುಂಬದವನು, ಕೆಟ್ಟವನಲ್ಲ, ಕಾಗದದಲ್ಲಿ ಇರುವುದನ್ನು ಮಾತ್ರ ನಂಬುವವನು.

"ಸ್ವಾಮಿ, ಹೊಸ ಮಣ್ಣಿನ ಬುಡಕ್ಕೆ ಲಾವಂಚದ ಸಾಲು ನೆಡ್ಸಿ, ಬೇರು ಮಣ್ಣು ಹಿಡ್ಕಂತದೆ. ಇಲ್ಲಾ ಅಂದ್ರೆ ಹುಲ್ಲಿನ ಹೊರೆ ಆದ್ರೂ ಅಡ್ಡ ಹಾಕ್ಸಿ. ಮಳೆ ಬಂದ್ರೆ ಎಲ್ಲಾ ಕೆರೆಗೆ ಬತ್ತದೆ."

ಷಡಕ್ಷರಿ ಎಸ್ಟಿಮೇಟ್ ತೆಗೆದು ಬೆರಳಿಟ್ಟು ಓದಿದ. ಮಣ್ಣು ಇತ್ತು, ಜಲ್ಲಿ ಇತ್ತು, ಮೋರಿ ಇತ್ತು, ಮೈಲಿಕಲ್ಲಿಗೆ ಸುಣ್ಣ ಬಳಿಯುವುದೂ ಇತ್ತು.

"ಹುಲ್ಲು ಇಲ್ಲವಲ್ಲಯ್ಯಾ."

"ಮಳೆ ಐತಾ ಸ್ವಾಮಿ?"

ಷಡಕ್ಷರಿ ಪುಟ ತಿರುವಿ ನಿಜವಾಗಿಯೂ ಹುಡುಕಿದ. "ಮಳೆಯೂ ಇಲ್ಲ" ಎಂದ.

ಲಕ್ಕಣ್ಣ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು ಹೊರಟ. ದಾರಿಯಲ್ಲಿ ಮಣ್ಣುಕೆಲಸದವರು ಅಗೆಯುತ್ತಿದ್ದರು. ಹಿರೇನಲ್ಲೂರು ಕಡೆಯಿಂದ ಬಂದ ಹನ್ನೊಂದು ಮನೆಯ ಜನ ಅವರು, ಕರಿಸಿದ್ದಪ್ಪ ಅವರ ಮೇಸ್ತ್ರಿ. ರಸ್ತೆಯಿಂದ ಕೆರೆಯ ಕಡೆಗೆ ಇಳಿಯುವ ಜಾಡಿನಲ್ಲಿ ಉದ್ದಕ್ಕೆ ಅಗೆದುಕೊಂಡು ಹೋಗುತ್ತಿದ್ದರು. ಆ ಅಗಳು ಮಳೆಗಾಲದಲ್ಲಿ ರಸ್ತೆಯ ಕೆಸರನ್ನು ಕೆರೆಗೆ ಮುಟ್ಟಿಸುವ ಕಾಲುವೆಯೇ ಆಗುತ್ತಿತ್ತು. ಅಗೆದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಮೊಣಕಾಲೆತ್ತರದ ದಿಬ್ಬ ಉಳಿಸಿದ್ದರು. ಮೊದಲು ನೆಲ ಎಷ್ಟೆತ್ತರ ಇತ್ತು, ಎಷ್ಟು ಆಳ ಅಗೆದರು ಎಂದು ಟೇಪು ಹಿಡಿದು ನೋಡುವುದಕ್ಕೆ ಅದೇ ಆಧಾರ, ಆ ಅಳತೆಯ ಮೇಲೇ ಅವರ ಕೂಲಿ. ಸಾಕ್ಷಿಗುಡ್ಡೆ ಎಂದು ಅದರ ಹೆಸರು.

"ತರೀಕೆರೆಯಿಂದ ದೊಡ್ ಸಾಹೇಬ್ರು ಬಂದು ಅಳತೆ ಮಾಡೋಗಂಟ ಇದನ್ನ ಯಾರೂ ಮುಟ್ಟಂಗಿಲ್ಲ ಕಣಪ್ಪಾ" ಎಂದ ಕರಿಸಿದ್ದಪ್ಪ. "ಓವರ್‌ಸಿಯರೂ ಮುಟ್ಟಂಗಿಲ್ಲ."

ಲಕ್ಕಣ್ಣ ಆ ಗುಡ್ಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡ. ಸರ್ಕಾರದ ಕೆಲಸದಲ್ಲಿ ಯಾರೂ ಮುಟ್ಟಬಾರದ ವಸ್ತು ಒಂದಿದೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

"ಇದನ್ನ ಒಂಚೂರು ಉದ್ದ ಬಿಡಕ್ಕಾಗಲ್ವಾ?"

"ಎಷ್ಟುದ್ದ?"

"ಆ ದಡದಿಂದ ಈ ದಡಕ್ಕೆ."

ಕರಿಸಿದ್ದಪ್ಪನಿಗೆ ಮಣ್ಣಿನ ವಿಷಯ ಎರಡು ಸಲ ಹೇಳಬೇಕಾಗಿರಲಿಲ್ಲ. ಜಾಡಿಗೆ ಅಡ್ಡವಾಗಿ ಗೋಡೆಯಂತೆ ಮಣ್ಣು ಬಿಟ್ಟರೆ ಕಾಲುವೆ ತುಂಡಾಗಿ ಒಂದರ ಕೆಳಗೊಂದು ಗುಂಡಿಗಳಾಗುತ್ತವೆ. ಕೆಸರು ನೀರು ಪ್ರತಿ ಗುಂಡಿಯಲ್ಲೂ ನಿಂತು, ಮಣ್ಣು ತಳಕ್ಕೆ ಬಿಟ್ಟು, ತಿಳಿಯಾಗಿ ಮುಂದಕ್ಕೆ ಹೋಗುತ್ತದೆ. ತಮ್ಮ ಗುಡಿಸಲಿಗೆ ಕೆರೆಯ ಪಕ್ಕದಲ್ಲಿ ಜಾಗ ತೋರಿಸಿ, ಕುಡಿಯುವ ನೀರಿಗೆ ಅಡ್ಡಿ ಮಾಡದವನು ಈ ಲಕ್ಕಣ್ಣ ಒಬ್ಬನೇ ಎಂಬುದನ್ನೂ ಅವನು ಮರೆತಿರಲಿಲ್ಲ. "ಆಯ್ತು ಬುಡು" ಎಂದ.

ವಾರದ ಮೇಲೆ ಷಡಕ್ಷರಿ ಬಂದು ನೋಡಿ ಬೆಚ್ಚಿದ. "ಇದೇನಯ್ಯಾ, ಸಾಕ್ಷಿಗುಡ್ಡೆ ಇಷ್ಟುದ್ದ?"

"ಸಣ್ಣದಾಗಿದ್ರೆ ದನ ತುಳಿದು ಕೆಡಸ್ತವೆ ಸ್ವಾಮಿ. ನಾಳೆ ಅಳತೆ ತಪ್ಪಾಯ್ತದೆ" ಎಂದ ಕರಿಸಿದ್ದಪ್ಪ.

ಅಳತೆ ತಪ್ಪಾಗುತ್ತದೆ ಎಂಬ ಮಾತು ಷಡಕ್ಷರಿಯ ಎದೆಗೆ ನೇರವಾಗಿ ತಾಗಿತು. ಪುಸ್ತಕದಲ್ಲಿ "ದನಗಳ ಹಾವಳಿ" ಎಂದು ಬರೆದುಕೊಂಡು, ಮೇಸ್ತ್ರಿಯ ಮುಂದಾಲೋಚನೆಯನ್ನು ಮೆಚ್ಚಿ ಹೋದ.

ಭರಣಿ ಮಳೆ ಬಂತು. ಬಂತು ಎಂದರೆ ಸಾಲದು, ಮಧ್ಯಾಹ್ನ ಶುರುವಾದದ್ದು ದೀಪ ಹಚ್ಚುವ ಹೊತ್ತಿನವರೆಗೂ ಕೊಡ ಬೋರಲು ಹಾಕಿದಂತೆ ಹೊಡೆಯಿತು. ಮರುದಿನ ಬೆಳಗ್ಗೆ ಲಕ್ಕಣ್ಣ ಓಡಿದ. ಮೊದಲ ಗುಂಡಿಯ ನೀರು ಕುಂಕುಮ ಕದಡಿದ ಹಾಗಿತ್ತು. ಎರಡನೆಯದು ಅಷ್ಟಿರಲಿಲ್ಲ. ಕಡೆಯದಾದ ಏಳನೆಯ ಗುಂಡಿಯಿಂದ ಕೆರೆಗೆ ಬೀಳುತ್ತಿದ್ದ ನೀರು ನೀರುಮಜ್ಜಿಗೆಯಷ್ಟು ತೆಳ್ಳಗಿತ್ತು. ಅವನು ಕೆರೆಗಿಳಿದು ತೂಬಿನ ಬಾಯಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಕಲ್ಲು, ಬರೀ ಕಲ್ಲು. ಸೊಂಟದುದ್ದ ನೀರಿನಲ್ಲಿ ನಿಂತು ಐವತ್ತು ದಾಟಿದ ಆ ಗಂಡಸು ಒಬ್ಬನೇ ಗಟ್ಟಿಯಾಗಿ ನಕ್ಕ. ಅವನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿ ಅಂಜಿನಮ್ಮನ ಮುಂದೆ ಹೇಳಿದ, ಹೇಳಬಾರದಿತ್ತು.

ನಾಲ್ಕು ದಿನಕ್ಕೆ ಗುಂಡಿಗಳ ನೀರು ಇಂಗಿತು. ಆಗ ಕರಿಸಿದ್ದಪ್ಪ ಬಂದು ಬಾಗಿಲಲ್ಲಿ ನಿಂತ. ಬೈಯಲಿಲ್ಲ. ಬೈದಿದ್ದರೆ ಲಕ್ಕಣ್ಣನಿಗೆ ಹಗುರವಾಗುತ್ತಿತ್ತು.

"ಬಾ ಒಂದ್ಗಳಿಗೆ, ನೋಡು."

ಗುಂಡಿಗಳಲ್ಲಿ ಅರ್ಧಕ್ಕರ್ಧ ಕೆಸರು ಕೂತಿತ್ತು. ನಾಲ್ಕು ಅಡಿ ಆಳ ಅಗೆದಲ್ಲಿ ಈಗ ಎರಡೇ ಅಡಿ. ಸೋಮವಾರ ದೊಡ್ಡ ಸಾಹೇಬರು ಅಳತೆಗೆ ಬರುತ್ತಾರೆಂದು ತರೀಕೆರೆಯಿಂದ ಕಾಗದವೂ ಬಂದಿತ್ತು.

"ನಿನ್ ಕೆರೆ ಉಳೀತು. ಹನ್ನೊಂದ್ ಮನೆಯವರು ಆರು ವಾರ ಅಗೆದಿದ್ರಲ್ಲಿ ಅರ್ಧ ಹೋಯ್ತು."

ಕೆರೆಗೆ ಹೋಗಬೇಕಿದ್ದ ಮಣ್ಣನ್ನು ತಡೆದು ಇವರ ಹೊಟ್ಟೆಯ ಮೇಲೆ ಹಾಕಿದ್ದೇನೆ ಎಂದು ಲಕ್ಕಣ್ಣನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಷಡಕ್ಷರಿಯ ಹತ್ತಿರ ಓಡಿದ. ಮಳೆಗೆ ತುಂಬಿಕೊಂಡಿದೆ ಎಂದು ಸಾಹೇಬರಿಗೆ ನೀವೇ ಹೇಳಿ ಎಂದು ಅಂಗಲಾಚಿದ.

"ಸಾಹೇಬರು ಕಂಡದ್ದನ್ನು ಅಳೆಯುತ್ತಾರಯ್ಯಾ. ಮಳೆ ಎಸ್ಟಿಮೇಟಿನಲ್ಲಿ ಇಲ್ಲ ಅಂತ ಅವತ್ತೇ ಹೇಳಿದೆನಲ್ಲ."

ಅಲ್ಲಿಂದ ಗೌಡರ ಮನೆಗೆ. ಊರಿನ ಜನ ಎರಡು ದಿನ ಕೈ ಹಾಕಿದರೆ ಗುಂಡಿ ಖಾಲಿಯಾಗುತ್ತದೆ, ಕೆರೆ ಉಳಿಸಿದವರ ಋಣ ತೀರುತ್ತದೆ ಎಂದ.

ತೀರ್ಥಪ್ಪ ಸಾವಧಾನವಾಗಿ ಕೇಳಿಸಿಕೊಂಡರು. "ನೋಡು ಲಕ್ಕಣ್ಣ, ಕೆರೆಗೆ ಮಣ್ಣು ಬಂದಿದ್ರೆ ಇಡೀ ಊರೇ ಎತ್ತಕ್ಕೆ ಬರ್ತಿತ್ತು. ಮಣ್ಣು ಬರ್ಲೇ ಇಲ್ವಲ್ಲ."

ಲಕ್ಕಣ್ಣ ಮನೆಗೆ ಬಂದು ಗುದ್ದಲಿ ತೆಗೆದುಕೊಂಡ. ಅಂಜಿನಮ್ಮ, "ಮದ್ವೆ ದಿನಕ್ಕಿಂತ ಸಂತೋಷ ಆಗಿತ್ತಲ್ಲ, ಈಗ ಹೊರಿ" ಎಂದಳು. ಅಂದವಳೇ ತಾನೂ ಬುಟ್ಟಿ ಹಿಡಿದು ಹಿಂದೆ ಹೊರಟಳು. ಕರಿಸಿದ್ದಪ್ಪನ ಜನವೂ ಇಳಿದರು. ತೆಗೆದ ಕೆಸರನ್ನು ಇಳಿಜಾರಿನಲ್ಲೇ ಹಾಕಿದರೆ ಮತ್ತೆ ಕೆರೆಗೇ ಬರುತ್ತದೆ. ಅದಕ್ಕೆ ಲಕ್ಕಣ್ಣ ತನ್ನ ಅರ್ಧ ಎಕರೆ ಕಲ್ಲು ತುಂಬಿದ ಗೊರಜು ಹೊಲಕ್ಕೆ ಹೊತ್ತು ಹಾಕಿದ. ಗುರುವಾರ ಸಂಜೆಗೆ ಒಂದು ಗುಂಡಿಯೂ ಪೂರ್ತಿ ಮುಗಿದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅಂಜಿನಮ್ಮ ಬಾವಿಗೆ ಹೋದಾಗ ಅವಳ ಮೊಣಕೈಯವರೆಗೂ ಕೆಂಪು ಮಣ್ಣು ಮೆತ್ತಿತ್ತು. ಗೌಡರ ಹೆಂಡತಿ ಕಾಶಮ್ಮ ಕೇಳಿದರು: "ಏನ್ ಅಂಜಿನಮ್ಮ, ಆ ಮಣ್ಣು ಯಾತಕ್ಕೆ ಹೊರ್ತಿದ್ದೀರಿ?"

"ಏನಿಲ್ಲ ಬಿಡ್ರವ್ವ, ಸುಮ್ನೆ" ಎಂದು ಅಂಜಿನಮ್ಮ ಕೊಡ ಎತ್ತಿಕೊಂಡು ಬಿರಬಿರನೆ ನಡೆದಳು.

ಬೇಕೆಂದೇ ಹಾಗಂದಳೋ, ದಣಿದು ಅಂದಳೋ, ಅದನ್ನು ಅವಳು ಗಂಡನಿಗೂ ಹೇಳಲಿಲ್ಲ. ಆದರೆ ಆ ಊರಿನಲ್ಲಿ ಯಾರೂ ಸುಮ್ಮನೆ ಏನನ್ನೂ ಹೊರುವುದಿಲ್ಲ. ಮಧ್ಯಾಹ್ನಕ್ಕೆ ಊರಿಗೆಲ್ಲ ಗೊತ್ತಾಯಿತು: ಗುಡ್ಡದ ಮೇಲ್ಮಣ್ಣು ಅದು, ಗೊಬ್ಬರಕ್ಕಿಂತ ಹೆಚ್ಚು, ಲಕ್ಕಣ್ಣ ಸದ್ದಿಲ್ಲದೆ ಎಲ್ಲವನ್ನೂ ತನ್ನ ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದಾನೆ. ಸಂಜೆಗೆ ಮೂರು ಗಾಡಿ ಬಂದವು. ಶನಿವಾರ ಇಪ್ಪತ್ತು. ಭಾನುವಾರ ಐದನೆಯ ಗುಂಡಿಯ ವಿಷಯಕ್ಕೆ ಅಣ್ಣತಮ್ಮಂದಿರು ಹೊಡೆದಾಡಿಕೊಂಡರು. ಎಲ್ಲರಿಗಿಂತ ಹೆಚ್ಚು ಸಾಗಿಸಿದವರು ತೀರ್ಥಪ್ಪ. "ಊರಿನ ಆಸ್ತೀನ ಒಬ್ನೇ ಹೊಡ್ಕೊಳಕ್ಕೆ ನೋಡ್ತೀಯಲ್ಲೋ" ಎಂದು ಲಕ್ಕಣ್ಣನನ್ನು ಗದರಿದ್ದೂ ಅವರೇ. ಲಕ್ಕಣ್ಣ ತಲೆ ತಗ್ಗಿಸಿ ನಿಂತು, "ತಪ್ಪಾಯ್ತು ಗೌಡ್ರೇ" ಎಂದ.

ಸೋಮವಾರ ಜೀಪು ಬಂತು. ಸಾಹೇಬರು ಟೇಪು ಇಳಿಸಿದರು. ಊರಿನವರು ತಳ ಕೆರೆದು ಸಾಗಿಸಿದ್ದರಿಂದ ಆಳ ಷಡಕ್ಷರಿಯ ಪುಸ್ತಕಕ್ಕಿಂತ ನಾಲ್ಕು ಅಂಗುಲ ಹೆಚ್ಚೇ ಸಿಕ್ಕಿತು. ಬಡವರ ಕೆಲಸವನ್ನು ಕಡಿಮೆ ಬರೆದಿದ್ದೀರಿ ಎಂದು ಸಾಹೇಬರು ಷಡಕ್ಷರಿಯನ್ನು ಎಲ್ಲರ ಎದುರಿಗೇ ತರಾಟೆಗೆ ತೆಗೆದುಕೊಂಡರು. ಆಮೇಲೆ ಜೀಪು ಹತ್ತುತ್ತಾ, "ಅಳತೆ ಆಯಿತಲ್ಲ, ಗುಡ್ಡೆಗಳನ್ನು ಇವತ್ತೇ ಕೆಡವಿಸಿ" ಎಂದರು.

ಅಳತೆಯಾದ ಗುಡ್ಡೆ ಕೆಡವಲೇಬೇಕು, ಇಲ್ಲದಿದ್ದರೆ ಒಂದೇ ಗುಂಡಿಯನ್ನು ಎರಡು ಸಲ ಅಳೆಸುತ್ತಾರೆಂದು ಇಲಾಖೆಗೆ ಭಯ. ಮುಂಗಾರು ಇನ್ನೂ ಎದುರಿಗಿತ್ತು. ಗೋಡೆ ಹೋದರೆ ಕೆರೆಯೂ ಹೋಯಿತು, ತೂಬೂ ಹೋಯಿತು, ಲಕ್ಕಣ್ಣನ ಅಪ್ಪ ಅಜ್ಜ ನಡೆಸಿಕೊಂಡು ಬಂದ ಕೆಲಸವೂ ಹೋಯಿತು.

ಕರಿಸಿದ್ದಪ್ಪ ಅವನ ಕಡೆ ನೋಡಲಿಲ್ಲ. ಗುದ್ದಲಿ ಹಿಡಿದು ಮೊದಲ ಗೋಡೆಯ ಮೇಲೆ ಹತ್ತಿದ. ಅದರ ನೆತ್ತಿಯಿಂದ ಒಂದು ಗೇಣು ಮಣ್ಣನ್ನು ಈ ತುದಿಯಿಂದ ಆ ತುದಿಗೆ ನೀಟಾಗಿ ಕೆತ್ತಿ ಹಾಕಿ, ಕೆಳಗಿಳಿದು, ಎರಡನೆಯ ಗೋಡೆ ಹತ್ತಿದ. ಗೇಣಷ್ಟು ನೆತ್ತಿ ಹೋದ ಮೇಲೆ ಮೊದಲ ನೆಲದ ಎತ್ತರ ತೋರಿಸುವುದು ಏನೂ ಉಳಿಯಲಿಲ್ಲ. ಅಳತೆಗೆ ಅದು ಸತ್ತ ಹಾಗೆ. ನೀರಿಗೆ ಮಾತ್ರ ಅದು ಗೋಡೆಯೇ.

ಷಡಕ್ಷರಿ ಏಳು ಗೋಡೆಗಳನ್ನೂ ನೋಡಿದ. ಕೆರೆಯನ್ನೂ ಸ್ವಲ್ಪ ಹೊತ್ತು ನೋಡಿದ. "ಎಷ್ಟು ಕೆಡವಬೇಕೆಂದು ಸಾಹೇಬರು ಹೇಳಲಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು, "ಕೆಡವಲಾಯಿತು" ಎಂದು ಬರೆದು ಸೈಕಲ್ ಹತ್ತಿದ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ತೂಬು ಒಂದು ದಿನವೂ ಕಟ್ಟಲಿಲ್ಲ, ಕಡೆಯ ಗದ್ದೆಯವರೆಗೂ ನೀರು ಹರಿಯಿತು. ಸುಗ್ಗಿ ಮುಗಿದು ನೀರುಗಂಟಿಯ ಪಾಲಿನ ಭತ್ತ ಅಳೆಯುವ ದಿನ ತೀರ್ಥಪ್ಪ ಕಣದಲ್ಲಿ ಎಲ್ಲರೆದುರು ಮಾತೆತ್ತಿದರು.

"ಹೋದ್ವರ್ಷ ಪಾಪ, ಮೂರು ದಿನ ನೀರಾಗೆ ಮುಳುಗಿ ಒದ್ದಾಡಿದ್ದ. ಕೊಟ್ವಿ. ಈ ವರ್ಷ ಎಲ್ಲಾ ತಾನಾಗೇ ನಡೀತು. ನೀರುಗಂಟಿ ಏನ್ ಮಾಡ್ದ ಅಂತ ಪೂರ್ತಿ ಕೊಡೋದು?"

ಕಣದಲ್ಲಿದ್ದವರಿಗೆ ಅದು ನ್ಯಾಯವಾಗಿಯೇ ಕಂಡಿತು. ಅರ್ಧ ಪಾಲು ಅಳೆದರು. ಲಕ್ಕಣ್ಣ ಅಷ್ಟನ್ನೇ ಚೀಲಕ್ಕೆ ತುಂಬಿಕೊಂಡ.

ಮನೆಗೆ ಬಂದ ಮೇಲೆ ಅಂಜಿನಮ್ಮ ಉರಿದುಬಿದ್ದಳು. "ನಾಲಿಗೆ ಬಿದ್ದೋಗಿತ್ತಾ? ಇಂಥಿಂಥದ್ದು ಮಾಡ್ದೆ ಅಂತ ಹೇಳಕ್ಕೇನಾಗಿತ್ತು?"

"ಬರದೇ ಇದ್ದ ಮಣ್ಣನ್ನ ಎಲ್ಲಿಂದ ತಂದು ತೋರಿಸ್ಲೇ?" ಎಂದ ಲಕ್ಕಣ್ಣ.

ಅವನಿಗೆ ಬೇಜಾರಾಗಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಅನ್ನ ಉಂಡ. ಆಮೇಲೆ ಎದ್ದು, ಹಳ್ಳದ ದಂಡೆಯಿಂದ ಕಿತ್ತು ತಂದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಲಾವಂಚದ ಬುಡಗಳನ್ನು ಹೆಗಲಿಗೆ ಹಾಕಿಕೊಂಡು, ಮೊದಲನೆಯ ಗೋಡೆಯ ಕಡೆಗೆ ನಡೆದ. ಅಂಜಿನಮ್ಮ ಬೈಯುತ್ತಲೇ ನೀರಿನ ಕೊಡ ಎತ್ತಿಕೊಂಡು ಹಿಂದೆ ಹೋದಳು.