ಅತ್ತೆಯ ವಿನೆಗರಿನಲ್ಲಿ ಹುಳಿ ಎಷ್ಟು?

ಹೆರಿಗೆಗೆ ಇನ್ನು ಮೂರು ತಿಂಗಳಿದ್ದ ಮಗಳಿಗೆ ಹುಳಿ ತಿನ್ನುವ ಆಸೆಯಾಗಿತ್ತು. ಫೋನಿನಲ್ಲಿ ಅದನ್ನು ಕೇಳಿದ್ದೇ ತಡ, ತಾಯಿ ಮನೆಯಲ್ಲೇ ಮಾಡಿದ ಸೇಬಿನ ವಿನೆಗರಿನಲ್ಲಿ ಸೌತೆಕಾಯಿ, ಕ್ಯಾರೆಟ್ ನೆನೆಹಾಕಿ ಆರು ಬಾಟಲಿ ತುಂಬಿ ಮುಚ್ಚಳ ಬಿಗಿದರು.

ಆ ಮನೆಯ ಸೊಸೆಗೆ ಆಹಾರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಬಾಟಲಿಗಳನ್ನು ಕಂಡು ಅವಳು ಅತ್ತೆಯ ಬಳಿ ಬಂದಳು.

"ಅತ್ತೆ, ಕಳಿಸೋ ಮುಂಚೆ ಹುಳಿ ಎಷ್ಟಿದೆ ಅಂತ ಒಂದ್ಸಲ ಅಳೆಯೋಣ್ವಾ?"

"ಅದಕ್ಕೆ ನಾಲಿಗೆ ಇಲ್ವಾ? ನೆಕ್ಕಿ ನೋಡು, ಕಣ್ಣು ಮುಚ್ಚಿಹೋಗುತ್ತೆ!"

"ನಾಲಿಗೆ ಮೋಸಹೋಗುತ್ತೆ ಅತ್ತೆ. ತರಕಾರಿ ಕೆಡದ ಹಾಗೆ ಕಾಯೋದು ವಿನೆಗರಿನಲ್ಲಿರೋ ಅಸಿಟಿಕ್ ಆಮ್ಲ. ಅದು ನೂರಕ್ಕೆ ಐದು ಪಾಲಾದ್ರೂ ಇರಬೇಕು."

"ಇಷ್ಟು ವರ್ಷ ನನ್ನ ಕೈಯದ್ದು ತಿಂದು ಯಾರಿಗೇನಾಗಿದೆ?"

"ಏನೂ ಆಗಿಲ್ಲ. ಆಗೆಲ್ಲ ಅವತ್ತು ಕಲಸಿದ್ದನ್ನ ಅವತ್ತೇ ತಿಂತಿದ್ವಿ. ಇದು ವಾರಗಟ್ಟಲೆ ಮುಚ್ಚಿರುತ್ತೆ. ಹುಳಿ ಸಾಲದಿದ್ರೆ ಒಳಗೇ ವಿಷ ಹುಟ್ಟಬಹುದು, ವಾಸನೇನೂ ಬರದೇ ಇರಬಹುದು. ತಿನ್ನೋದು ನಮ್ಮ ಹುಡುಗಿ ಅಲ್ವಾ?"

 ಮರುದಿನ ಅತ್ತೆ ಸಣ್ಣ ಸೀಸೆಯಲ್ಲಿ ವಿನೆಗರ್ ಹಿಡಿದು ಸೊಸೆಯ ಜೊತೆ ಪ್ರಯೋಗಾಲಯಕ್ಕೆ ಹೊರಟರು.

ಸೊಸೆ ಅಂಗಡಿಯ ಬಿಳಿ ವಿನೆಗರ್, ದ್ರಾಕ್ಷಿಯದು, ಅತ್ತೆಯದು, ಮೂರನ್ನೂ ಒಂದೇ ಅಳತೆಗೆ ತೆಗೆದು, ಬಣ್ಣ ತೋರಿಸುವ ಸೂಚಕ ದ್ರಾವಣದ ಎರಡು ಹನಿ ಹಾಕಿದಳು. ಗಾಜಿನ ಕೊಳವೆಯಿಂದ ಕ್ಷಾರದ ನೀರನ್ನು ಹನಿಹನಿಯಾಗಿ ಬಿಟ್ಟಳು.

"ಹುಳಿ ತೀರಿದಾಗ ಗುಲಾಬಿ ಬಣ್ಣ ಬರುತ್ತೆ. ಹುಳಿ ಜಾಸ್ತಿ ಇದ್ದಷ್ಟೂ ಹನಿ ಜಾಸ್ತಿ ಹಿಡಿಯುತ್ತೆ."

ಬಿಳಿಯದು ನೂರಕ್ಕೆ ಐದು. ದ್ರಾಕ್ಷಿಯದು ಆರು. ಅತ್ತೆಯದು ಬೇಗನೆ ಗುಲಾಬಿಯಾಯಿತು. ಸೇಬಿನ ಸ್ವಂತ ಹುಳಿಯೂ ಸೇರಿ ಮೂರನ್ನು ಮುಟ್ಟಲಿಲ್ಲ.

"ಇನ್ನೊಂದ್ಸಲ ಮಾಡು."

ಮಾಡಿದಳು. ಅಷ್ಟೇ ಬಂತು.

"ನನ್ನ ಕೈಯಾರೆ ಕಳಿಸಿಬಿಡ್ತಿದ್ನಲ್ಲೇ..." ಅಂದರು ಅತ್ತೆ.

ಸೊಸೆ ಕೈಗವಸು ಕಳಚಿ ಅವರ ಕೈ ಹಿಡಿದಳು. "ಕಳಿಸಲಿಲ್ವಲ್ಲ ಅತ್ತೆ."

ಮನೆಗೆ ಬಂದವರೇ ಅತ್ತೆ ಆರೂ ಬಾಟಲಿಗಳನ್ನು ಕಸಕ್ಕೆ ಹಾಕಿದರು. ಭಾನುವಾರ, ಶೇಕಡಾ ಐದು ಎಂದು ಬರೆದಿದ್ದ ವಿನೆಗರ್ ಕೊಂಡು ಮಗಳ ಮನೆಗೇ ಹೋಗಿ ಹೊಸದಾಗಿ ಕಲಸಿಕೊಟ್ಟರು. ಮಗಳು ಬೆರಳು ಚೀಪುತ್ತ ಕೇಳಿದಳು:

"ಇದು ನಿನ್ನ ವಿನೆಗರಾ ಅಮ್ಮ?"

"ಅಲ್ಲ ಕಣೇ, ಅಂಗಡೀದು. ನನ್ನದಕ್ಕೆ ಇನ್ನೂ ಹುಳಿ ಸಾಲದಂತೆ. ನಿನ್ನ ಅತ್ತಿಗೆ ಅಳೆದು ಹೇಳಿದಳು."

ಅಕ್ಕಂದಿರೇ, ಅಣ್ಣಂದಿರೇ, ಮನೆಯ ವಿನೆಗರನ್ನು ಅವತ್ತೇ ತಿನ್ನುವ ತರಕಾರಿಗೆ ಧಾರಾಳವಾಗಿ ಹಾಕಿ. ಬಾಟಲಿಯಲ್ಲಿ ತುಂಬಿ ದಿನಗಟ್ಟಲೆ ಇಡುವುದಾದರೆ ಮಾತ್ರ ಶೇಕಡಾ ಐದು ಅಥವಾ ಹೆಚ್ಚು ಎಂದು ಬರೆದದ್ದನ್ನೇ ಬಳಸಿ. ಪ್ರೀತಿಯಿಂದ ಬಡಿಸುವ ಕೈ ನಿಮ್ಮದು, ಅಳೆದು ಬಡಿಸಿ.