ಬೇರೆ ಕಂಪನಿಯ ಅಂಗಳದಲ್ಲಿ ತೊಟ್ಟಿಲು

ಹೊಳೆನರಸೀಪುರ ಇನ್ನೂ ಸ್ವಲ್ಪ ದೂರ ಇರುವಾಗಲೇ ಕಾರಿನ ಪರದೆಯ ಮೇಲೆ ಬ್ಯಾಟರಿಯ ಗುರುತು ಹಳದಿಗೆ ತಿರುಗಿತು. ನಾನು ಎ.ಸಿ. ಆರಿಸಿದೆ. ಆಮೇಲೆ ರೇಡಿಯೋವನ್ನೂ ಆರಿಸಿದೆ. ಅದರಿಂದ ಎಷ್ಟು ಉಳಿಯುತ್ತದೋ ಗೊತ್ತಿರಲಿಲ್ಲ.

"ತಣ್ಣಗೆ ಗಾಳಿ ಬತ್ತಿತ್ತು, ಯಾಕವ್ವ ನಿಲ್ಸ್‌ಬುಟ್ಟೆ?" ಎಂದಳು ಪಕ್ಕದಲ್ಲಿ ಕೂತಿದ್ದ ಅವ್ವ.

"ಚಾರ್ಜು ಕಮ್ಮಿ ಐತೆ ಕಣವ್ವ. ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿತ್ತಲ್ಲ."

"ಮತ್ತೆ ವಟ್ಟೆ ತುಂಬ್ಸ್‌ದೆ ಕರ್ಕೊಂಡ್ ಬಂದಿದ್ದೀಯಾ ಪಾಪ ಇದನ್ನ" ಎಂದು ಅವ್ವ ಡ್ಯಾಶ್‌ಬೋರ್ಡನ್ನು ಸವರಿದಳು, ಎಮ್ಮೆಯ ಬೆನ್ನು ಸವರಿದ ಹಾಗೆ.

ನಾವು ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಹೊರಟಿದ್ದೆವು. ಅಲ್ಲಿ ನನ್ನ ತಮ್ಮ ಕುಮಾರನ ಮಾವನ ಮನೆಯಲ್ಲಿ ಅವನ ಮಗಳಿಗೆ ಹೆಸರಿಡುವ ಶಾಸ್ತ್ರ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಿ ತೊಟ್ಟಿಲಿಗೆ ಹಾಕಬೇಕಾದವಳು ಸೋದರತ್ತೆ, ಅಂದರೆ ನಾನು. ಆವತ್ತು ಶುಕ್ರವಾರ, ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಮುಗಿಯಬೇಕು. ತೊಟ್ಟಿಲು ಕೂಡ ನಮ್ಮದೇ. ಅಪ್ಪ, ಚಿಕ್ಕಪ್ಪ, ನಾನು, ಕುಮಾರ ಎಲ್ಲ ಮಲಗಿದ್ದ ಹಲಸಿನ ಮರದ ತೊಟ್ಟಿಲು ಕಾರಿನ ಹಿಂದಿನ ಸೀಟು ಮಡಚಿದ ಜಾಗದಲ್ಲಿ ಕಂಬಳಿ ಹೊದ್ದು ಮಲಗಿತ್ತು. ಅದರೊಳಗೆ ಅವ್ವ ತಂದ ಗುಂಡುಕಲ್ಲು. ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುವುದು ನಮ್ಮ ಕಡೆಯ ಪದ್ಧತಿ.

ಹೊರಡುವಾಗಲೇ ನಾನು ಅಂದಿದ್ದೆ. "ಚನ್ನರಾಯಪಟ್ಟಣದಲ್ಲಿ ಗುಂಡುಕಲ್ಲು ಸಿಗಲ್ವೇನವ್ವ? ಭಾರ ಜಾಸ್ತಿ ಆದ್ರೆ ಬ್ಯಾಟರಿ ಬೇಗ ಇಳೀತದೆ."

"ಅವ್ರ ಕಲ್ಲು ಅವ್ರದು. ನೀವೆಲ್ಲ ಮಲಗೋಕೆ ಮುಂಚೆ ಅದ್ರಲ್ಲಿ ಮಲಗಿದ್ದು ಈ ಕಲ್ಲೇ ಕಣೆ. ನಿಮಗೆಲ್ಲ ಅಣ್ಣ ಆಗ್ಬೇಕು ಇದು."

ಅಣ್ಣನನ್ನು ಬಿಟ್ಟು ಬರುವುದು ಹೇಗೆ? ಕರೆದುಕೊಂಡು ಬಂದಿದ್ದೆವು.

ನಮ್ಮ ಕಾರಿನ ಕಂಪನಿಯ ಚಾರ್ಜರ್ ಇರುವುದು ಹಾಸನದಲ್ಲಿ. ಅತ್ತ ಹೋದರೆ ಹೊತ್ತು ಮೀರುತ್ತದೆ. ಹೊಳೆನರಸೀಪುರದಲ್ಲಿ ಬೇರೆ ಕಂಪನಿಯ ಷೋರೂಮಿನ ಮುಂದೆ ಒಂದು ಫಾಸ್ಟ್ ಚಾರ್ಜರ್ ಇದೆ ಎಂದು ಫೋನಿನ ನಕ್ಷೆ ತೋರಿಸುತ್ತಿತ್ತು. ಕಾರು ತಂದಾಗಿನಿಂದ ನಾನು ಮನೆಯ ಪ್ಲಗ್ಗಿನಲ್ಲೇ ರಾತ್ರಿಯಿಡೀ ನಿಧಾನಕ್ಕೆ ಚಾರ್ಜು ಮಾಡಿದ್ದೆನೇ ಹೊರತು ಫಾಸ್ಟ್ ಚಾರ್ಜರಿನ ಹತ್ತಿರ ಹೋದವಳಲ್ಲ. ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೆ. ಕೇಬಲ್ಲಿನ ತುದಿಗೆ ಇದೇ ಬಗೆಯ ಗನ್ನು, ಅಂದರೆ ದಪ್ಪ ಪ್ಲಗ್ಗು, ಇರುವ ಯಾವ ಚಾರ್ಜರಾದರೂ ಆಗುತ್ತದೆ ಎಂದು ಅದರಲ್ಲಿತ್ತು. ಆದರೆ ಬೇರೆಯವರ ಅಂಗಳಕ್ಕೆ ನಮ್ಮ ಕಾರನ್ನು ಹೇಗೆ ನುಗ್ಗಿಸುವುದು ಎನ್ನುವುದು ಯಾವ ಪುಟದಲ್ಲೂ ಇರಲಿಲ್ಲ.

ಷೋರೂಮಿನ ಗಾಜಿನ ಹಿಂದೆ ಹೊಸ ಕಾರುಗಳು ಸಾಲಾಗಿ ನಿಂತಿದ್ದವು. ಚಾರ್ಜರ್ ಹೊರಗೆ ತಗಡಿನ ಚಾವಣಿಯ ಕೆಳಗೆ, ಬೀರುವಿನಷ್ಟು ಎತ್ತರಕ್ಕೆ, ಎರಡು ದಪ್ಪ ಕೇಬಲ್ ಇಳಿಬಿಟ್ಟುಕೊಂಡು ನಿಂತಿತ್ತು. ನಾನು ಕಾರನ್ನು ಅದರ ಹತ್ತಿರ ನಿಲ್ಲಿಸದೆ ಗೇಟಿನ ಪಕ್ಕ ನಿಲ್ಲಿಸಿ, ಒಳಗೆ ಹೋಗಿ ಕೇಳಿದೆ. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಎದ್ದು ಬಂದ. ಚೀಟಿಯ ಮೇಲೆ ರಜನೀಶ್ ಎಂದಿತ್ತು.

"ಬನ್ನಿ ಮೇಡಂ, ಕೂತ್ಕೊಳಿ. ಯಾವ ಮಾಡೆಲ್ ನೋಡ್ತಿದ್ದೀರಾ?"

"ಮಾಡೆಲ್ ಅಲ್ಲ. ನಮ್ಮ ಕಾರು ನಿಮ್ಮ ಕಂಪನೀದಲ್ಲ. ನಿಮ್ಮ ಚಾರ್ಜರ್ ಬಳಸಿದ್ರೆ ನಿಮಗೇನಾದ್ರೂ..."

"ಅಷ್ಟಕ್ಕೆ ಒಳಗೆ ಬಂದು ಕೇಳ್ತಿದ್ದೀರಾ?" ಅವನಿಗೆ ನಗು ಬಂತು. "ಯಾರು ಬೇಕಾದ್ರೂ ಹಾಕ್ಕೋಬೋದು ಮೇಡಂ. ಆ್ಯಪ್ ಇಳಿಸ್ಕೊಳಿ, ಸಾಕು."

ಆ್ಯಪ್ ಇಳಿಸಿದೆ. ನಿಮ್ಮ ವಾಹನ ಯಾವುದು ಎಂದು ಕೇಳಿತು. ಆ ಕಂಪನಿಯ ಕಾರುಗಳ ಬಣ್ಣಬಣ್ಣದ ಚಿತ್ರಗಳು ಒಂದರ ಕೆಳಗೊಂದು ಬಂದವು. ಎಲ್ಲಕ್ಕಿಂತ ಕೆಳಗೆ ಚಿತ್ರವೇ ಇಲ್ಲದ ಒಂದು ಬೂದು ಚೌಕ, ಅದರೊಳಗೆ 'ಇತರೆ'. ಅದನ್ನು ಒತ್ತಿದೆ.

ಕಾರನ್ನು ಚಾವಣಿಯ ಕೆಳಗೆ ತಂದು ಚಾರ್ಜಿಂಗ್ ಬಾಗಿಲು ತೆರೆದೆ. ಮೇಲುಗಡೆ ಮನೆಯ ಪ್ಲಗ್ಗಿಗೆ ಬೇಕಾದ ಸಣ್ಣ ತೂತುಗಳು. ಅದರ ಕೆಳಗೆ ರಬ್ಬರ್ ಮುಚ್ಚಳದ ಹಿಂದೆ ಎರಡು ದೊಡ್ಡ ತೂತು, ಫಾಸ್ಟ್ ಚಾರ್ಜರಿಗೆ ಮಾತ್ರ ಬೇಕಾಗುವಂಥವು. ಮುಚ್ಚಳ ಎಳೆದು, ಗನ್ನನ್ನು ಎರಡು ಕೈಯಲ್ಲಿ ಹಿಡಿದು ಒತ್ತಿದೆ. ಟಕ್ ಎನ್ನಬೇಕಿತ್ತು. ಎನ್ನಲಿಲ್ಲ. 'ಸಂಪರ್ಕ ವಿಫಲ' ಎಂದಿತು ಯಂತ್ರ. ತೆಗೆದು ಮತ್ತೆ ಒತ್ತಿದೆ. ಅದೇ ಮಾತು.

ಅವ್ವ ಕೆಳಗಿಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಉಣ್ಣಲ್ಲ ಅಂತದಾ?"

"ಹಂಗೇ ಅಂತ ಕಾಣ್ತದೆ."

"ಬ್ಯಾರೆ ಮನೆ ಊಟ ಅಲ್ವಾ. ಸಂಕೋಚ ಇರ್ಬೇಕು, ನಿನ್ನಂಗೇ."

ರಜನೀಶ್ ಬಂದು ತಾನೂ ಒಮ್ಮೆ ಒತ್ತಿ ನೋಡಿದ. ಇನ್ನೊಂದು ಗನ್ನನ್ನೂ ಹಾಕಿ ನೋಡಿದ. ಅದೂ ಕೂರಲಿಲ್ಲ. "ಒಂದೊಂದ್ಸಲ ಬೇರೆ ಬ್ರಾಂಡಿಗೆ ಹೊಂದ್ಕೊಳಲ್ಲ ಮೇಡಂ" ಎಂದು ತಲೆ ಕೆರೆದುಕೊಂಡ.

ಆ ಹೊತ್ತಿಗೆ ಫೋನು ಬಂತು. ಕುಮಾರ.

"ಎಲ್ಲಿದ್ದೀಯಕ್ಕ?"

"ಹೊಳೆನರಸೀಪುರ ಕಣೋ. ಚಾರ್ಜು ಆಗ್ತಿಲ್ಲ."

"ಅಯ್ಯೋ, ನಮ್ಮತ್ತೆ ಆಗ್ಲೇ ಶುರು ಹಚ್ಕೊಂಡವ್ರೆ. ರಾಹುಕಾಲ ಬಂದ್ಬುಡ್ತದೆ, ಇಲ್ಲೇ ಸೌಜನ್ಯ ಇದ್ದಾಳಲ್ಲ, ಅವಳೂ ಅತ್ತೇನೇ ಅಲ್ವಾ, ಅವಳ ಕೈಲೇ ಹೇಳ್ಸಿ, ಒಂದು ಸೀರೆ ಕಟ್ಟಿ ತೂಗ್ಬುಡಾಣ ಅಂತವ್ರೆ."

ಸೌಜನ್ಯ ನಮ್ಮ ಚಿಕ್ಕಪ್ಪನ ಮಗಳು. ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಆದರೆ ಮಗುವಿಗೆ ಇಡುವ ಹೆಸರನ್ನು ನಾನೂ ಕುಮಾರನೂ ಸೇರಿ ಹುಡುಕಿದ್ದೆವು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಪಿಸುಮಾತಿನಲ್ಲಿ ಎಷ್ಟು ಸಲ ಹೇಳಿ ನೋಡಿದ್ದೆನೋ.

"ಬತ್ತೀನಿ ಅಂತ ಹೇಳು. ನಮ್ಮ ತೊಟ್ಟಿಲಲ್ಲೇ ಆಗ್ಬೇಕು ಅಂತ ಹೇಳು."

ಫೋನಿಟ್ಟಾಗ ಇನ್ನೊಂದು ಕಾರು ಬಂದು ಪಕ್ಕದಲ್ಲಿ ನಿಂತಿತು. ಅದು ಷೋರೂಮಿನದೇ ಕಂಪನಿಯ ಎಲೆಕ್ಟ್ರಿಕ್ ಕಾರು. ಬಿಳಿ ಪಂಚೆಯ ಹಿರಿಯರೊಬ್ಬರು ಇಳಿದರು. ರಜನೀಶ್ ಅವರನ್ನು ಈಶ್ವರಯ್ಯನವರೇ ಎಂದು ಮಾತಾಡಿಸಿದ. ಶ್ರವಣಬೆಳಗೊಳದಲ್ಲಿ ಲಾಡ್ಜು ಇಟ್ಟವರಂತೆ. ಅವರ ಕಾರಿನ ಹಿಂದಿನ ಸೀಟಿನ ತುಂಬ, ಚಾವಣಿ ಮುಟ್ಟುವವರೆಗೆ ಹೊಸ ದಿಂಬುಗಳು. ಅವರು ಗನ್ನು ತೆಗೆದು ನೋಡದೆಯೇ ಒತ್ತಿದರು. ಟಕ್. ಹಸಿರು ದೀಪ.

"ನೋಡಿದ್ರಾ" ಎಂದ ರಜನೀಶ್, ತನ್ನ ಮಾತೇ ನಿಜವಾಯಿತು ಎನ್ನುವಂತೆ.

ಈಶ್ವರಯ್ಯನವರು ನನ್ನ ಕಾರಿನ ಕಡೆ ಕಣ್ಣು ಹಾಯಿಸಿದರು. "ಏನವ್ವ, ಆ ಕಂಪ್ನೀದು ತಗಂಡಿದ್ದೀರಾ? ನೆಂಟ್ರ ಮನೇಲಿ ಉಣ್ಣಾದು ಕಲ್ಸಿಲ್ಲ ಅದಕ್ಕೆ."

"ಅದು ನಿಯತ್ತಿನ ಕಾರು ಕಣಪ್ಪ" ಎಂದಳು ಅವ್ವ. "ಸಿಕ್ಕ್‌ ಸಿಕ್ಕಿದ್ ಕಡೆ ಬಾಯಾಕಲ್ಲ."

ಅವರು ನಕ್ಕರು. ವಿಷಯ ಕೇಳಿದ ಮೇಲೆ ನಗು ನಿಲ್ಲಿಸಿ, "ನಾನು ಚನ್ನರಾಯಪಟ್ಟಣದ ಮೇಲೇ ಓಗಾದು. ಮುಂದುಗಡೆ ಸೀಟು ಖಾಲಿ ಐತೆ, ಅತ್ತೆ ಒಬ್ರು ಬರ್ಬೋದು. ತೊಟ್ಟಿಲಿಗೆ ಮಾತ್ರ ಜಾಗ ಇಲ್ಲ ಕಣವ್ವ, ದಿಂಬು ಇಳ್ಸಿದ್ರೆ ಇಲ್ಲಿ ಕಾಯೋರ್ಯಾರು" ಎಂದರು.

ಅವ್ವನನ್ನೂ ತೊಟ್ಟಿಲನ್ನೂ ಇಲ್ಲಿ ಬಿಟ್ಟು ನಾನೊಬ್ಬಳೇ ಹೋಗಬೇಕು. ಇಲ್ಲವೇ ಹಾಸನಕ್ಕೆ ತಿರುಗಿಸಿ ಎಲ್ಲ ಮುಗಿದ ಮೇಲೆ ಹೋಗಬೇಕು. ಯಾವುದು ಸರಿ? ಮೊದಲೇ ಇಲ್ಲೊಮ್ಮೆ ಬಂದು ಚಾರ್ಜು ಮಾಡಿ ನೋಡಿರಬೇಕಿತ್ತು ಅಂದುಕೊಂಡೆ. ಗುಂಡುಕಲ್ಲನ್ನೂ ಬೈದುಕೊಂಡೆ. ಆದರೆ ಒಂದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಹೊಂದುವುದಿಲ್ಲ ಎಂದಾದರೆ ಕಾರೂ ಚಾರ್ಜರೂ ತಂತಿಯಲ್ಲಿ ಮಾತಾಡಿಕೊಂಡ ಮೇಲೆ ತಾನೇ ಹೊಂದದಿರಬೇಕು? ಇಲ್ಲಿ ಗನ್ನು ಪೂರ್ತಿ ಒಳಗೇ ಹೋಗುತ್ತಿಲ್ಲವಲ್ಲ. ಎರಡು ಕಂಪನಿಯದೂ ಒಂದೇ ಅಳತೆ ಎಂದು ಪುಸ್ತಕದಲ್ಲಿತ್ತು. ಪುಸ್ತಕ ತಪ್ಪೋ, ನಾನು ಓದಿದ್ದು ತಪ್ಪೋ?

ನಾನು ಈಶ್ವರಯ್ಯನವರ ಕಾರಿನ ಗನ್ನು ಎಷ್ಟು ಒಳಗೆ ಕೂತಿದೆ ಎಂದು ಬಗ್ಗಿ ನೋಡಿದೆ. ನಮ್ಮದಕ್ಕಿಂತ ಒಂದು ಕಾಳಿನಷ್ಟು ಒಳಗಿತ್ತು. ವ್ಯತ್ಯಾಸ ಅಷ್ಟೇ.

"ಅವ್ವ, ಆ ತೂತಿನೊಳಗೆ ಸ್ವಲ್ಪ ಫೋನಿನ ಲೈಟು ಬಿಡು" ಎಂದೆ.

ಅವ್ವನಿಗೆ ಮೊದಲಿನಿಂದಲೂ ಈ ಕಾರಿನ ಒಳಗನ್ನು ನೋಡುವ ಆಸೆ. ಮಂಡಿಯೂರಿ ಕೂತು, ಲೈಟು ಬಿಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತೂತಿನ ಹತ್ತಿರಕ್ಕೆ ತಂದಳು.

"ಏನು ಕಾಣ್ತದೆ?"

"ತಡಿ." ಮತ್ತೆ ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಸ್ವರ್ಣ, ಇದು ನಾನ್ ಆಕಿದ್ ಅಕ್ಸತೆ ಅಲ್ವೇನೆ?"

ನಾನೂ ಕೂತು ನೋಡಿದೆ. ಒಂದು ತೂತಿನ ತಳದಲ್ಲಿ, ಲೋಹದ ಕಡ್ಡಿಯ ಸುತ್ತ, ಅರಿಸಿನ ತುಪ್ಪ ಹಚ್ಚಿದ ಅಕ್ಕಿಕಾಳು ಒಣಗಿ ಹಲ್ಲಿನಂತೆ ಕಚ್ಚಿಕೊಂಡು ಕೂತಿದ್ದವು.

"ಆಯುಧ ಪೂಜೇಲಾ?"

"ಊಂ. ಟ್ರ್ಯಾಕ್ಟರಿಗೆ ಡೀಸೆಲ್ ಮುಚ್ಚಳಕ್ಕೆ ಕುಂಕುಮ ಇಡ್ತೀವಲ್ಲ ಅಂಗೇ. ಇದರ ಬಾಯಿ ಇಲ್ಲೈತೆ ಅಂತ ನೀನೇ ತೋರ್ಸಿದ್ದೆ. ನೀನು ಗಂಟೆ ತರಾಕೆ ಒಳೀಕೆ ಓದಾಗ ರಬ್ಬರ್ ಎತ್ತಿ ಆಕಿ ಮುಚ್ದೆ. ಉಣ್ಣೋ ಬಾಯಿಗೆ ಆಕ್ದೆ ಇನ್ನೆಲ್ಲಿಗೆ ಆಕ್ಲಿ?"

ಮನೆಯ ಪ್ಲಗ್ಗಿಗೆ ಈ ತೂತು ಬೇಕಿಲ್ಲ. ಹಾಗಾಗಿ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಈಶ್ವರಯ್ಯನವರು ಗಟ್ಟಿಯಾಗಿ ನಗಲು ಬಾಯಿ ತೆರೆದವರು, ಏನೋ ನೆನಪಾದಂತೆ ತಮ್ಮ ಕಾರಿನ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡರು.

ಅವ್ವ ಆಗಲೇ ತಲೆಯಿಂದ ಪಿನ್ನು ತೆಗೆದಿದ್ದಳು. "ಬ್ಯಾಡ ಬ್ಯಾಡ, ಕಬ್ಬಿಣ ಬ್ಯಾಡ!" ಎಂದು ಕೈ ಹಿಡಿದೆ. ಸೆರಗನ್ನು ಎಂಜಲು ಮಾಡಿ ಒರೆಸಲು ಹೊರಟಳು. "ಒದ್ದೆ ಮಾಡಾದೂ ಬ್ಯಾಡ ಕಣವ್ವ!"

"ಅಂಗಾದ್ರೆ ಊದ್ಲಾ?"

ರಜನೀಶ್ ಹಿಂದಕ್ಕೆ ಸರಿದ. "ನಾನು ಮುಟ್ಟಲ್ಲ ಮೇಡಂ. ನಮ್ಮ ಕಾರಾಗಿದ್ರೆ ಮಾಡ್ತಿದ್ದೆ. ಬೇರೆ ಕಂಪನೀದು, ಏನಾದ್ರೂ ಆದ್ರೆ ನಮ್ಮ ಮೇಲೆ ಬರುತ್ತೆ." ಆದರೂ ಅವನಿಗೆ ಮನಸ್ಸು ತಡೆಯಲಿಲ್ಲ. ಒಳಗೆ ಹೋಗಿ ಪೊರಕೆಯಿಂದ ಎರಡು ತೆಂಗಿನ ಕಡ್ಡಿ ಕಿತ್ತು ತಂದ. "ಕಾರು ಆಫ್ ಮಾಡಿ. ನೀವೇ ಮಾಡ್ಬೇಕು. ಆಮೇಲೆ ಗಾಳಿ ಪೈಪು ಮಾತ್ರ ನಾನು ಹಿಡೀತೀನಿ, ಗಾಳಿ ಯಾರ ಕಂಪನೀದೂ ಅಲ್ಲ."

ಕಾರು ಆರಿಸಿದೆ. ಆರಿದೆಯೇ ಎಂದು ಮತ್ತೊಮ್ಮೆ ನೋಡಿದೆ. ಅವ್ವ ಲೈಟು ಹಿಡಿದಳು. ಮಗುವಿನ ಕಿವಿ ನೋಡುವವಳಂತೆ ಕಡ್ಡಿಯನ್ನು ಒಳಗೆ ಬಿಟ್ಟು ಮೆಲ್ಲಗೆ ಮೀಟಿದೆ. ಒಂದು ಕಾಳು ಬಿತ್ತು. ಇನ್ನೊಂದು ಹಟ ಮಾಡಿ ಕೊನೆಗೆ ಬಿತ್ತು. ಆಮೇಲೆ ಒಣಗಿದ ಸೇವಂತಿಗೆಯ ಎಸಳೊಂದು.

"ಹೂವಾನೂ ಇಟ್ಟಿದ್ದೆಯಾ?"

"ಬರೀ ಅಕ್ಸತೆ ಆಕ್ದ್ರೆ ಚೆನ್ನಾಗಿರ್ತದಾ?"

ರಜನೀಶ್ ಗಾಳಿ ಬಿಟ್ಟ. ಹಳದಿ ಪುಡಿ ಅವ್ವನ ಮೂಗಿಗೆ ಹಾರಿತು. ಅವಳು ಮೂರು ಸೀನು ಸೀನಿದಳು. ನಾನು ಗನ್ನು ಎತ್ತಿ ಒತ್ತಿದೆ.

ಟಕ್.

ಒಳಗೆಲ್ಲೋ ಇನ್ನೊಂದು ಸದ್ದಾಯಿತು. ಎರಡು ಯಂತ್ರಗಳೂ ಸ್ವಲ್ಪ ಹೊತ್ತು ಒಂದನ್ನೊಂದು ವಿಚಾರಿಸಿಕೊಳ್ಳುವಂತೆ ದೀಪ ಮಿಣುಕಿತು. ಆಮೇಲೆ ಹಸಿರಾಯಿತು. ಪರದೆಯ ಮೇಲಿನ ಅಂಕಿ ಏರತೊಡಗಿತು.

"ಉಣ್ತು!" ಎಂದಳು ಅವ್ವ.

ಈಶ್ವರಯ್ಯನವರ ಕಾರು ನಮಗಿಂತ ಮೊದಲೇ ತಯಾರಾಯಿತು. ಗನ್ನು ಕಿತ್ತವರು ಹೊರಡುವ ಮೊದಲು ಕಡ್ಡಿ ಇಸಿದುಕೊಂಡು ತಮ್ಮ ಕಾರಿನ ತೂತನ್ನೂ ಬಗ್ಗಿ ನೋಡಿದರು. "ಇಭೂತಿ" ಎಂದು ಮಾತ್ರ ಹೇಳಿ, ಸುತ್ತ ನೋಡಿ, ಆ ವಿಭೂತಿಯನ್ನು ಮೆಲ್ಲಗೆ ಒರೆಸಿಕೊಂಡರು. ರಜನೀಶ್ ಗಾಜಿನ ಹಿಂದೆ ನಿಂತಿದ್ದ ತನ್ನ ಹೊಸ ಕಾರುಗಳನ್ನು ಯೋಚನೆಯಿಂದ ನೋಡುತ್ತಿದ್ದ. ಅವತ್ತು ಮಧ್ಯಾಹ್ನ ಒಂದನ್ನು ಪೂಜೆ ಮಾಡಿ ಕೊಡುವುದಿತ್ತಂತೆ. "ಅಲ್ಲಿಗೆ ಮಾತ್ರ ಹಾಕ್ಬೇಡಿ ಅಂತ ಹೇಗೆ ಹೇಳೋದು ಮೇಡಂ? ಬೇಜಾರು ಮಾಡ್ಕೋತಾರೆ" ಎಂದ.

ದಾರಿಗೆ ಸಾಕಾಗುವಷ್ಟು ಏರಿದ ಕೂಡಲೇ ಗನ್ನು ಕಿತ್ತು ಹೊರಟೆವು. ಚನ್ನರಾಯಪಟ್ಟಣ ತಲುಪುವವರೆಗೆ ನಾನು ಎ.ಸಿ. ಹಾಕಲಿಲ್ಲ. ಅವ್ವನೂ ಕೇಳಲಿಲ್ಲ.

ಮನೆಯ ಮುಂದೆ ಕುಮಾರ ನಿಂತಿದ್ದ. ಮೂರು ಜನ ಸೇರಿ ತೊಟ್ಟಿಲು ಇಳಿಸಿದರು. ನಡುಮನೆಯಲ್ಲಿ ತೊಲೆಗೆ ಸೀರೆ ಕಟ್ಟಿಯಾಗಿತ್ತು, ಸೌಜನ್ಯ ಹೊಸ ಸೀರೆಯುಟ್ಟು ಮಗುವಿನ ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ನೋಡಿದ್ದೇ, "ಸದ್ಯ ಬಂದ್ಯಲ್ಲಕ್ಕ! ಹೆಸರು ಏನು ಅಂತ ಯಾರೂ ನಂಗೆ ಹೇಳಿರ್ಲೇ ಇಲ್ಲ" ಎಂದು ನಕ್ಕು ಪಕ್ಕಕ್ಕೆ ಸರಿದಳು. ಬೀಗಿತ್ತಿ ಗಡಿಯಾರ ನೋಡಿದರು. ಇನ್ನೂ ಹೊತ್ತಿತ್ತು.

ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿದೆವು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟರು. ಸುತ್ತ ನಿಂತವರೆಲ್ಲ ಅಕ್ಷತೆ ಹಿಡಿದು ಕಾಯುತ್ತಿದ್ದರು. ಅಷ್ಟರಲ್ಲಿ ಮಗು ಅಳಲೆಂದು ಬಾಯಿ ಅಗಲಿಸಿತು.

ಅವ್ವ ಸಟ್ಟನೆ ಮುಂದೆ ಬಂದು ಅದರ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ತಲೆ ಮ್ಯಾಕೆ ಆಕ್ರವ್ವ" ಎಂದಳು. "ಬಾಯಿಗೆ ಬೀಳದಂಗೆ ನೋಡ್ಕಳಿ. ಉಣ್ಣೋ ಬಾಯಿ."

ಅಜ್ಜಿಗೆ ಎಷ್ಟು ಎಚ್ಚರ ನೋಡಿ ಎಂದು ಬೀಗಿತ್ತಿ ಮೆಚ್ಚಿಕೊಂಡರು. ಅವ್ವ ನನ್ನ ಕಡೆ ನೋಡಲೇ ಇಲ್ಲ.

ನಾನು ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆ. ಮೂರು ಸಲ ಹೇಳಬೇಕು, ಹೇಳಿದೆ. ಮೂರನೆಯದು ಗದ್ದಲದಲ್ಲಿ ಸರಿಯಾಗಿ ಒಳಗೆ ಹೋಯಿತೋ ಇಲ್ಲವೋ ಎಂದು ಅನುಮಾನವಾಗಿ, ಯಾರಿಗೂ ಗೊತ್ತಾಗದಂತೆ ಇನ್ನೊಂದು ಸಲ ಹೇಳಿದೆ.